ಹಾಡಿಗೊಂದಿಷ್ಟು ಮಾತು

ಹೊಸ ಹಾಸಿಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಆ ಮುದುಕನಿಗೆ ಈಗಲೂ ಕಾಲು ಸುಮ್ಮನಿರುವುದಿಲ್ಲ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಾನೆ. ಹಾಸಿಗೆಗೂ ಕುಣಿತಕ್ಕೂ ಏನು ನಂಟು ಎಂದು ಗೊತ್ತಿಲ್ಲದವರು ಬೆರಗಾಗಬಹುದು. ಅವನ ಮಟ್ಟಿಗೆ ಎರಡೂ ಒಂದೇ, ಏಕೆಂದರೆ ಅವನು ಕುಣಿತ ಕಲಿತ ಹಾಲ್ ಇದ್ದದ್ದು ಒಂದು ಹಾಸಿಗೆ ಅಂಗಡಿಯ ಮಹಡಿಯ ಮೇಲೆ. ಸುರುಳಿ ಸುತ್ತಿ ನಿಲ್ಲಿಸಿದ ಹಾಸಿಗೆಗಳ ನಡುವೆ ಮೈ ಹಿಡಿಮಾಡಿಕೊಂಡು ನುಸುಳಿ, ಹತ್ತಿ ಮತ್ತು ಹೊಸ ಬಟ್ಟೆಯ ವಾಸನೆ ಕುಡಿಯುತ್ತ ಮರದ ಮೆಟ್ಟಿಲು ಹತ್ತಬೇಕಿತ್ತು. ಮೇಲಿನಿಂದ ರೆಕಾರ್ಡಿನ ಹಾಡು ಇಳಿದು ಬರುತ್ತಿತ್ತು. ಅರ್ಧ ಮೆಟ್ಟಿಲಲ್ಲೇ ಎದೆ ಡವಗುಟ್ಟಲು ಶುರುವಾಗುತ್ತಿತ್ತು.

ಆಗ ಅವನು ಸಿಟಿ ಬಸ್ಸಿನ ಡ್ರೈವರು. ಮೂವತ್ತು ದಾಟಿದ ಪ್ರಾಯ, ಮದುವೆಯಿಲ್ಲ. ಡಿಪೋದಲ್ಲಿ ಅವನಿಗೆ ಸೈಲೆನ್ಸರ್ ಎಂದು ಹೆಸರು. ಇಟ್ಟವನು ಅವನದೇ ಬಸ್ಸಿನ ಕಂಡಕ್ಟರು. ಬೆಳಗಿನಿಂದ ಸಂಜೆಯವರೆಗೆ ಒಟ್ಟಿಗೆ ಓಡಾಡಿದರೂ ಈ ಮನುಷ್ಯನ ಬಾಯಿಂದ 'ಹೂಂ', 'ಆಯ್ತು' ಬಿಟ್ಟರೆ ಮೂರನೆಯ ಮಾತು ಹೊರಡುವುದಿಲ್ಲವಲ್ಲ ಎಂಬ ಹೊಟ್ಟೆಯುರಿಗೆ ಇಟ್ಟ ಹೆಸರು ಅದು. ಮೆಕ್ಯಾನಿಕ್ಕುಗಳು ಹಿಡಿದುಕೊಂಡರು, ಕ್ಯಾಂಟೀನಿನವರು ಹಿಡಿದುಕೊಂಡರು, ಕೊನೆಗೆ ಡಿಪೋ ಮ್ಯಾನೇಜರರೂ ಬಾಯಿ ತಪ್ಪಿ ಹಾಗೇ ಕರೆದುಬಿಟ್ಟರು.

ಹಾಗೆಂದು ಅವನೇನು ಗಂಟುಮೋರೆಯವನಲ್ಲ, ಜಂಬದವನೂ ಅಲ್ಲ. ಮಾತು ಒಳಗೆ ಹುಟ್ಟುತ್ತಿತ್ತು. ಅದು ಗಂಟಲವರೆಗೆ ಬರುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದರು. ಸ್ಟಾಪಿಗೆ ಓಡಿ ಬಂದವನ ಮುಂದೆಯೇ ಬಸ್ಸು ಹೊರಟ ಹಾಗೆ.

ಅವನಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಕಿಟಕಿ ಬಾಗಿಲುಗಳ ಪರದೆ ಹೊಲಿಯುತ್ತಿದ್ದಳು. ಭಾವನದು ಕ್ಷೌರದ ಅಂಗಡಿ. ಊರಿನವರ ತಲೆಗೆಲ್ಲ ಕತ್ತರಿ ಹಾಕುತ್ತಿದ್ದ ಆತನ ಮಾತಿಗೆ ಮಾತ್ರ ಯಾರೂ ಕತ್ತರಿ ಹಾಕಿದವರಿಲ್ಲ. ಅಂಥವನ ಎದುರು ಊಟಕ್ಕೆ ಕೂತರೆ ಮಾತಾಡಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ಅಕ್ಕನಿಗೆ ಇದೇ ಕೊರಗು. ನೋಡಲು ಬಂದ ಹೆಣ್ಣಿನ ಕಡೆಯವರೆಲ್ಲ ಭಾವನ ಜೊತೆ ಹರಟೆ ಹೊಡೆದು, ನಕ್ಕು, ಎದ್ದು ಹೋಗುತ್ತಿದ್ದರು. ಹುಡುಗನ ದನಿ ಹೇಗಿದೆ ಎಂದೇ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಅಕ್ಕ ಹಾಸಿಗೆ ಅಂಗಡಿಯ ಮೇಲಿನ ಹಾಲಿಗೆ ಪರದೆ ತೂಗುಹಾಕಿ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಈ ಶನಿವಾರದಿಂದ ನೀನು ಅಲ್ಲಿಗೆ ಹೋಗ್ತೀಯ."

"ಎಲ್ಲಿಗೆ?"

"ಹಾಸಿಗೆ ಅಂಗಡಿ ಮೇಲೆ ಜೋಡಿ ಕುಣಿತ ಹೇಳಿಕೊಡ್ತಾರೆ. ಹೆಂಗಸರು ಗಂಡಸರು ಎಲ್ಲ ಬರ್ತಾರೆ. ಒಳ್ಳೇ ಜನ ಕಣೋ."

"ನಾನು ಕುಣಿಯೋದಾ?"

"ಕುಣಿಯೋಕೆ ಯಾರು ಕಳಿಸ್ತಿದಾರೆ ನಿನ್ನ? ಮಾತಾಡೋಕೆ ಹೋಗು. ಅಲ್ಲಿ ಕುಣೀತಾ ಕುಣೀತಾ ಎಲ್ಲರೂ ಒಬ್ಬರಿಗೊಬ್ಬರು ಏನೋ ಹೇಳ್ಕೋತಾ ಇರ್ತಾರೆ. ನಾನು ಏಣಿ ಮೇಲೆ ನಿಂತು ನೋಡಿದೀನಿ."

"ಹೋಗಲ್ಲ ಅಂದ್ರೆ?"

"ನಿನ್ನ ಷರ್ಟಿನ ಗುಂಡಿ ನೀನೇ ಹೊಲ್ಕೋ."

ಹೋದ.

ಹೇಳಿಕೊಡುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒಂದು ಮಂಡಿ ಕೆಟ್ಟು ಹೋಗಿದ್ದ ಅವರು ಕೈಯಲ್ಲೊಂದು ಕೋಲು ಹಿಡಿದು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದರು. ಗಂಡಸು ಎಡಗೈಯಲ್ಲಿ ಜೊತೆಗಾತಿಯ ಕೈ ಹಿಡಿದು ಪಕ್ಕಕ್ಕೆ ಚಾಚಬೇಕು, ಬಲಗೈ ಆಕೆಯ ಬೆನ್ನಿಗೆ ಹಗುರಾಗಿ ತಾಗಿರಬೇಕು, ಹಾಡು ಮುಗಿದ ಕೂಡಲೇ ಜೋಡಿ ಬದಲಾಗಬೇಕು. ಇಷ್ಟನ್ನು ಸೈಲೆನ್ಸರ್ ಎರಡೇ ವಾರಗಳಲ್ಲಿ ಕಲಿತ. ದಿನವಿಡೀ ಕ್ಲಚ್ಚು, ಬ್ರೇಕು ಒತ್ತುವ ಕಾಲು. ತಾಳಕ್ಕೆ ಬೇಗ ಒಗ್ಗಿತು. ಕಿರಿದಾದ ಜಾಗದಲ್ಲಿ ದೊಡ್ಡ ವಸ್ತುವನ್ನು ಯಾರಿಗೂ ತಾಗಿಸದೆ ತಿರುಗಿಸುವುದು ಅವನ ಹೊಟ್ಟೆಪಾಡೇ ಆಗಿತ್ತಲ್ಲ.

ತೊಂದರೆ ಶುರುವಾದದ್ದು ಬಾಯಿಯಿಂದ. ಜೊತೆಯಾದ ಹೆಂಗಸರು ಒಂದು ಹಾಡು ಮುಗಿಯುವುದರೊಳಗೆ ಬೇಸತ್ತು ಹೋಗುತ್ತಿದ್ದರು. ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದರು.

"ಏನ್ರೀ, ಆಕೆ ಏನು ಅಕ್ಕಿ ಮೂಟೆನಾ? ಎತ್ತಿ ಆಚೆಯಿಂದ ಈಚೆಗೆ ಇಟ್ಟು ಬರ್ತೀರಲ್ಲ?"

"ಹೆಜ್ಜೆ ತಪ್ತಾ?"

"ಹೆಜ್ಜೆ ಸರಿ ಇದೆ. ಒಂದು ಹಾಡು ಅಂದ್ರೆ ಒಬ್ಬರ ಮನೆಗೆ ಹೋಗಿ ಕೂತು ಬಂದ ಹಾಗೆ. ಒಂದು ಮಾತೂ ಆಡದೆ ಕೂತು ಎದ್ದು ಬರ್ತೀರಾ ಯಾರ ಮನೆಯಿಂದಾದರೂ?"

ಬರುತ್ತಿದ್ದ, ನಿಜವಾಗಿ. ಆದರೆ ಅದನ್ನು ಹೇಳಲಿಲ್ಲ.

ಆ ವಾರವೆಲ್ಲ ಬಸ್ಸಿನ ಕನ್ನಡಿ ನೋಡಿಕೊಂಡು ಮಾತು ಅಭ್ಯಾಸ ಮಾಡಿದ. 'ನಮಸ್ಕಾರ, ಇವತ್ತು ಸೆಕೆ ಜಾಸ್ತಿ ಅಲ್ವಾ?' ಕಂಡಕ್ಟರು ಹಿಂದಿನಿಂದ ನೋಡಿ, ಸೈಲೆನ್ಸರಿಗೆ ತಲೆ ಕೆಟ್ಟಿತೆಂದು ಡಿಪೋದಲ್ಲಿ ಸುದ್ದಿ ಹಬ್ಬಿಸಿದ. ಶನಿವಾರ ಜೊತೆಯಾದವರು ಔಷಧಿ ಅಂಗಡಿಯ ದಪ್ಪ ಹೆಂಗಸು. ಗಂಡನನ್ನೂ ಕರೆದುಕೊಂಡು ಬರುತ್ತಿದ್ದರು, ಗಲಗಲ ನಗುವ ಜೀವ. ಹಾಡು ಶುರುವಾಯಿತು. ಸೆಕೆಯ ಮಾತು ಗಂಟಲಲ್ಲೇ ಆವಿಯಾಗಿ ಹೋಯಿತು. ಕೊನೆಗೆ ಅವನು ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಎಲ್ಲಿ ಇಳೀತೀರಿ?"

ಆಕೆ ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ, "ಹಾಡು ಮುಗಿದ ಮೇಲೆ ಇಳೀತೀನಿ ಬಿಡಿ" ಎಂದು ನಗಲು ಹತ್ತಿದವರು ನಿಲ್ಲಿಸಲೇ ಇಲ್ಲ. ಸುದ್ದಿ ಗೋಡೆಯಿಂದ ಗೋಡೆಗೆ ಹರಿದು, ಮೇಷ್ಟ್ರ ಕೋಲು ಕೂಡ ತಾಳ ತಪ್ಪಿತು. ಸೈಲೆನ್ಸರಿಗೆ ನೆಲ ಬಾಯಿ ಬಿಟ್ಟರೆ ಹೋಗಿ ಹಾಸಿಗೆಗಳ ನಡುವೆ ಬೀಳುತ್ತಿದ್ದೆ ಅನ್ನಿಸಿತು.

ಮುಂದಿನ ಹಾಡಿಗೆ ಎದುರು ಬಂದು ನಿಂತವಳು ಕನ್ನಡಕದ ಅಂಗಡಿಯವಳು. ಪೇಟೆಬೀದಿಯ ಮೂಲೆಯ ಅಂಗಡಿಯಲ್ಲಿ ಕನ್ನಡಕ ಕೊಳ್ಳಲು ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟಿಟ್ಟು, ಗಾಜು ಬದಲಿಸುತ್ತ ಅಕ್ಷರ ಓದಿಸುವುದು ಆಕೆಯ ಕೆಲಸ. ಹಾಸಿಗೆ ಹಿಡಿದಿದ್ದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡು, ತಾಯಿ ತೀರಿಕೊಂಡ ಮೇಲೆ ಸಂಜೆಗಳು ಉದ್ದವಾಗಿ ಇಲ್ಲಿಗೆ ಬರತೊಡಗಿದ್ದಳು.

"ನೀವು ಏನೂ ಹೇಳಬೇಡಿ" ಎಂದಳು ಆಕೆ. "ನಾನು ಎರಡು ಹೇಳ್ತೀನಿ, ನೀವು ಒಂದು ಆರಿಸಿ, ಸಾಕು. ಬೆಳಿಗ್ಗೆಯಾ, ಸಂಜೆಯಾ?"

"ಬೆಳಿಗ್ಗೆ."

"ಟೀನಾ, ಕಾಫೀನಾ?"

"ಟೀ."

"ಖಾಲಿ ಬಸ್ಸಾ, ತುಂಬಿದ ಬಸ್ಸಾ?"

ಅವನು ಉತ್ತರಿಸಲು ಹೋಗಿ ತಡೆದ. ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಬಲಗಾಲು ಮುಂದೆ, ಎಡಗಾಲು ಪಕ್ಕಕ್ಕೆ.

"ಅರ್ಧ ತುಂಬಿದ್ದು" ಎಂದ. "ಬೆಳಗಿನ ಮೊದಲ ಟ್ರಿಪ್ಪು. ಆಸ್ಪತ್ರೆ ರಾತ್ರಿ ಪಾಳಿ ಮುಗಿಸಿದ ಒಬ್ಬ ನರ್ಸಮ್ಮ ಹತ್ತುತ್ತಾರೆ. ಕೂತ ಕೂಡಲೇ ನಿದ್ದೆ. ಅವರ ತಲೆ ಕಿಟಕಿಗೆ ಬಡೀಬಾರದು ಅಂತ ನಾನು ಬ್ರೇಕನ್ನ ಮೆತ್ತಗೆ ಒತ್ತುತ್ತೀನಿ. ಅವರ ಸ್ಟಾಪು ಬಂದಾಗ ಮಾತ್ರ ಸ್ವಲ್ಪ ಜೋರಾಗಿ."

"ಎಚ್ಚರ ಆಗಲಿ ಅಂತಾನಾ?"

"ಹೂಂ. ಅವರಿಗೆ ಗೊತ್ತಿಲ್ಲ."

ಹಾಡು ಮುಗಿದಿತ್ತು. ಇಬ್ಬರೂ ಗಮನಿಸಿರಲಿಲ್ಲ.

ಅಂದು ಮನೆಗೆ ನಡೆದು ಬರುವಾಗ ಅವನಿಗೆ ಒಂದು ವಿಷಯ ಹೊಳೆಯಿತು. ಕುಣಿಯುವಾಗ ಎದುರಿನವರ ಮುಖ ನೋಡಬೇಕಾಗಿಲ್ಲ. ಮಾತನ್ನು ಅವರ ಹೆಗಲ ಮೇಲಿಂದ, ಕಿವಿಯ ಪಕ್ಕಕ್ಕೆ ಬಿಟ್ಟರಾಯಿತು. ಅದು ಹೇಗೆ ತಲುಪಿತೋ ಎಂದು ಅವರ ಕಣ್ಣಿನಲ್ಲಿ ಹುಡುಕುವ ಕಷ್ಟವಿಲ್ಲ. ನಡುವೆ ಮಾತು ನಿಂತರೆ ಹಾಡು ಇದ್ದೇ ಇದೆ, ಅದು ಖಾಲಿಯನ್ನು ತುಂಬುತ್ತದೆ. ಮಾತು ಕೆಟ್ಟು ಕೂತರೆ ಒಂದು ಸುತ್ತು ತಿರುಗಿಬಿಟ್ಟರೆ ಹೊಸದಾಗಿ ಶುರು ಮಾಡಬಹುದು. ಇಷ್ಟು ಅನುಕೂಲ ಲೋಕದಲ್ಲಿ ಇನ್ನೆಲ್ಲಿದೆ?

ಆಮೇಲಿನ ತಿಂಗಳುಗಳು ಅವನ ಬದುಕಿನಲ್ಲೇ ಬೇರೆ. ಔಷಧಿ ಅಂಗಡಿಯವರ ಜೊತೆ ಕೆಮ್ಮಿನ ಬಗ್ಗೆ ಮಾತಾಡಿದ, ಅವರು ಪ್ರತಿ ಸಲ, "ಡ್ರೈವರೇ, ನನ್ನ ಸ್ಟಾಪು ಬಂತಾ?" ಎಂದು ಕೇಳಿ ನಗಿಸುತ್ತಿದ್ದರು. ಕನ್ನಡಕದವಳ ಸರದಿ ಬಂದಾಗ ಮಾತ್ರ ಮಾತಿಗೆ ಹಾಡು ಸಾಲುತ್ತಿರಲಿಲ್ಲ. ಕನ್ನಡಕ ಚೆಂದ ಕಾಣುವುದಿಲ್ಲವೆಂದು ಅತ್ತ ಗಂಡಸಿನ ಕಥೆ ಆಕೆ ಹೇಳಿದಳು. ಮೊದಲ ಸಲ ಕನ್ನಡಕ ಹಾಕಿಕೊಂಡು ಹೆಂಡತಿಯ ಮುಖವನ್ನೇ ನೋಡುತ್ತ ನಿಂತ ಇನ್ನೊಬ್ಬನದೂ ಹೇಳಿದಳು. ಮನೆಯಲ್ಲಿ ಸೈಲೆನ್ಸರ್ ಊಟದ ನಡುವೆ ಒಂದು ದಿನ ತಾನಾಗಿ ಬಾಯಿ ತೆರೆದು ಈ ಕಥೆ ಹೇಳಿದಾಗ ಭಾವ ತುತ್ತು ಬಾಯಲ್ಲಿಟ್ಟುಕೊಂಡು ಹಾಗೇ ಕೂತ. ಅಕ್ಕ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಹೀಗಿರುವಾಗ ಒಂದು ಸಂಜೆ, ಹಾಡಿನ ನಡುವೆ ಕನ್ನಡಕದವಳು ಕೇಳಿದಳು.

"ತಿರುಗಿ ನೋಡದೆ ಹೇಳಿ, ನಿಮ್ಮ ಎಡಕ್ಕೆ ಯಾರಿದಾರೆ?"

"ಯಾರೂ ಇಲ್ಲ."

"ಸರಿಯಾಗಿ ಹೇಳಿ."

"ಇಲ್ಲ ಅಂದ್ನಲ್ಲ."

ಮಗ್ಗುಲಿನಿಂದ ಔಷಧಿ ಅಂಗಡಿಯವರ ನಗು ಕೇಳಿಸಿತು. ಅವನು ಕತ್ತು ಹೊರಳಿಸಿದ. ಅವರೂ ಅವರ ಗಂಡನೂ ಕೈಗೆ ಎಟುಕುವಷ್ಟು ಹತ್ತಿರದಲ್ಲಿ, ಇವನತ್ತ ಕೈಬೀಸುತ್ತ ಕುಣಿಯುತ್ತಿದ್ದರು.

"ನೀವು ಬಲಕ್ಕೆ ತಿರುಗಿದಾಗ ಯಾರಿಗೂ ತಾಗಲ್ಲ" ಎಂದಳು ಆಕೆ, ದನಿ ತಗ್ಗಿಸಿ. "ಎಡಕ್ಕೆ ತಿರುಗಿದಾಗೆಲ್ಲ ಯಾರಿಗಾದರೂ ಬಡೀತೀರಿ. ತುಂಬಾ ದಿನದಿಂದ ನೋಡ್ತಿದೀನಿ. ಎಡಗಣ್ಣನ್ನ ಡಾಕ್ಟರಿಗೆ ತೋರಿಸಿ. ನನ್ನ ಮಾತು ಸುಳ್ಳಾದರೆ ಒಳ್ಳೇದೇ ಆಯ್ತು."

ಅವನ ಕಾಲು ನಿಂತಿತು. "ನಾನು ಡ್ರೈವರು" ಎಂದ. "ನನ್ನ ಕಣ್ಣಿಗೆ ಏನೂ ಆಗಿಲ್ಲ."

"ಕೋಪ ಮಾಡ್ಕೋಬೇಡಿ..."

"ನಿಮ್ಮ ಅಂಗಡೀಲಿ ವ್ಯಾಪಾರ ಕಮ್ಮಿಯಾಗಿದೆಯಾ?"

ಅಂದದ್ದೇ ಆಕೆಯ ಕೈ ಬಿಟ್ಟು, ಕುಣಿಯುವವರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲಿಳಿದುಬಿಟ್ಟ. ಹಾಡಿನ ನಡುವೆ ಜೊತೆಗಾತಿಯನ್ನು ಒಂಟಿಯಾಗಿ ಬಿಟ್ಟು ಹೋಗುವುದಕ್ಕಿಂತ ದೊಡ್ಡ ಅವಮಾನ ಆ ಹಾಲಿನಲ್ಲಿ ಇರಲಿಲ್ಲ. ಮಾತು ಬಾರದ ದಿನಗಳಲ್ಲಿ ಅವನು ಯಾರನ್ನೂ ನೋಯಿಸಿದವನಲ್ಲ. ಮಾತು ಕಲಿತು ಮಾಡಿದ ಮೊದಲ ಗಾಯ ಅದು. ಬೀದಿಯುದ್ದಕ್ಕೂ ಅದೇ ನೆನಪು ಚುಚ್ಚುತ್ತಿತ್ತು. ಆದರೂ ಹಿಂದಿರುಗಲಿಲ್ಲ, ಮುಂದಿನ ಶನಿವಾರವೂ ಹೋಗಲಿಲ್ಲ. ಅಕ್ಕ ಕೇಳಿದರೆ ಮತ್ತೆ ಅದೇ 'ಹೂಂ', 'ಆಯ್ತು'.

ಹೆಚ್ಚು ದಿನ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಸ್ಟಾಪಿನಲ್ಲಿ ನಿಲ್ಲಿಸಲೆಂದು ಬಸ್ಸನ್ನು ಎಡಕ್ಕೆ ಎಳೆದದ್ದೇ ತಡ, ಕಂಡಕ್ಟರು ಎದೆಯೊಡೆದ ಹಾಗೆ ಕೂಗಿದ. ಸೈಲೆನ್ಸರ್ ಬ್ರೇಕಿನ ಮೇಲೆ ನಿಂತುಬಿಟ್ಟ. ಸೈಕಲ್ಲಿನ ಮುದುಕನೊಬ್ಬ ಬಸ್ಸಿನ ಮೈಗೆ ಅಂಗೈ ಊರಿ ನಿಂತಿದ್ದ. ಅವನಿಗೇನೂ ಆಗಿರಲಿಲ್ಲ. "ಕಣ್ಣು ಎಲ್ಲಿ ಅಡವಿಟ್ಟಿದೀಯೋ!" ಎಂದು ಬೈದು, ಸೈಕಲ್ಲು ನೆಟ್ಟಗೆ ಮಾಡಿಕೊಂಡು ಹೊರಟುಹೋದ. ಆ ಮುದುಕ ಅಷ್ಟು ಹೊತ್ತೂ ಅಲ್ಲೇ ಇದ್ದ. ಇವನ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ.

ಜನರನ್ನು ಹಿಂದಿನ ಬಸ್ಸಿಗೆ ಹತ್ತಿಸಿ, ಬೇರೆ ಡ್ರೈವರನ್ನು ಕರೆಸಿ, ಬೀಗದ ಕೈ ಅವನ ಕೈಗಿತ್ತು, ಯೂನಿಫಾರ್ಮಿನಲ್ಲೇ ಪೇಟೆಬೀದಿಗೆ ನಡೆದ. ಕನ್ನಡಕದವಳು ಯಾರದೋ ಮೂಗಿಗೆ ಚೌಕಟ್ಟು ಹೊಂದಿಸುತ್ತಿದ್ದಳು. ಇವನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ. ಗಿರಾಕಿ ಹೋಗುವವರೆಗೆ ಅವನು ಬಾಗಿಲ ಬಳಿ ಟೋಪಿ ಹಿಡಿದು ನಿಂತ.

"ಅವತ್ತು ಹಾಡಿನ ಮಧ್ಯೆ ಬಿಟ್ಟು ಬಂದೆ" ಎಂದ.

"ಹೌದು. ಮುಗಿಯೋವರೆಗೂ ಅಲ್ಲೇ ನಿಂತಿದ್ದೆ."

"ತಪ್ಪಾಯ್ತು."

ಆಕೆ ಗಿರಾಕಿಯ ಕುರ್ಚಿಯನ್ನು ಅವನತ್ತ ತಿರುಗಿಸಿದಳು.

"ಕೂತ್ಕೊಳ್ಳಿ" ಎಂದಳು. "ಮೊದಲು ನೀರು ಕುಡೀರಿ."

ಮರುದಿನ ಡಾಕ್ಟರ ಹತ್ತಿರ ಜೊತೆಗೆ ಹೋದವಳು ಆಕೆಯೇ. ಕಣ್ಣಿನೊಳಗೆ ಒತ್ತಡ ಏರಿ, ಎಡಗಣ್ಣಿನ ಪಕ್ಕದ ನೋಟ ಸದ್ದಿಲ್ಲದೆ ಸವೆದು ಹೋಗಿದೆ, ಬಲಗಣ್ಣಿಗೂ ಈಗ ಹಿಡಿಯುತ್ತಿದೆ ಎಂದರು ಡಾಕ್ಟರು. ನೋವಿಲ್ಲದ ಕಾಯಿಲೆ, ಅದಕ್ಕೇ ಯಾರಿಗೂ ತಿಳಿಯುವುದಿಲ್ಲವಂತೆ. "ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡ್ಕೊಳ್ಳೋಣ. ದಿನಾ ಹನಿ ಹಾಕ್ಕೊಳ್ಳಿ. ಬಸ್ಸು ಮಾತ್ರ ಇನ್ನು ಬೇಡ."

ಡಿಪೋಗೆ ಹೋಗಿ ಅವನೇ ಹೇಳಿದ. ಸ್ಟೇರಿಂಗಿನ ಮೇಲೆ ಕೊನೆಯ ಸಲ ಕೈಯಿಟ್ಟು ಕೂತಿದ್ದಾಗ, ಅಷ್ಟು ವರ್ಷ ಅವನನ್ನು ಗೇಲಿ ಮಾಡಿದ್ದ ಕಂಡಕ್ಟರು ಬಂದು ಪಕ್ಕದಲ್ಲಿ ಕೂತ.

ಮ್ಯಾನೇಜರರು ಒಳ್ಳೆಯವರು. ಬಸ್ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಕೂಗುವವರು ನಿವೃತ್ತರಾಗುತ್ತಿದ್ದರು. ಆ ಜಾಗ ಇವನಿಗೆ ಎಂದರು. ಡಿಪೋ ತುಂಬ ನಗು. ಸೈಲೆನ್ಸರಿಗೆ ಮೈಕಂತೆ!

ಮೊದಲ ದಿನ ಆ ಗೂಡಿನಂಥ ಕೋಣೆಯಲ್ಲಿ ಗಾಜಿನಾಚೆ ಸಾವಿರ ತಲೆಗಳನ್ನು ಕಂಡು ಅವನು ಕುರ್ಚಿ ತಿರುಗಿಸಿದ. ಗಾಜಿಗೆ ಬೆನ್ನು ಹಾಕಿ ಕೂತ. ಆ ಸಾವಿರ ಜನ ಬೇಡ, ಒಂದು ಹೆಗಲು ಸಾಕು. ಅದರಾಚೆಗೆ ಒಂದು ಕಿವಿ. ಕಣ್ಣು ಮುಚ್ಚಿ ಬಲಗಾಲು ಮುಂದಿಟ್ಟ ಹಾಗೆ ಶುರು ಮಾಡಿದ. ದನಿ ಹೊರಟಿತು. ಕಿರುಚದ, ಗದರದ, ಪಕ್ಕದಲ್ಲಿ ನಿಂತು ಹೇಳಿದಂಥ ದನಿ. ವರ್ಷ ತುಂಬುವುದರೊಳಗೆ ಬಸ್ಸಿನ ವಿವರದ ಜೊತೆ ಒಂದೊಂದು ಮಾತು ತಾನಾಗಿ ಸೇರಿಕೊಳ್ಳತೊಡಗಿತು. "ಓಡಬೇಡಿ, ಡ್ರೈವರು ಇನ್ನೂ ಟೀ ಕುಡೀತಾ ಇದಾರೆ." "ಬೆಂಚಿನ ಮೇಲೆ ಮಲಗಿರೋರು ಏಳಿ, ನಿಮ್ಮ ಬಸ್ಸು ಬಂತು." ಆ ದನಿ ಕೇಳಲೆಂದೇ ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದವರಿದ್ದರು ಎಂದು ಕಂಡಕ್ಟರು ಹೇಳುತ್ತಿದ್ದ. ಅವನ ಮಾತಿನಲ್ಲಿ ಅರ್ಧ ಕಳೆದರೂ ಇನ್ನರ್ಧ ನಿಜವಿದ್ದೀತು.

ಶನಿವಾರದ ಕುಣಿತ ಮತ್ತೆ ಶುರುವಾಗಿತ್ತು. ಈಗ ಎಡಕ್ಕೆ ತಿರುಗುವ ಮೊದಲು ಕನ್ನಡಕದವಳು ಅವನ ಕೈಯನ್ನು ಸಣ್ಣಗೆ ಒತ್ತುತ್ತಿದ್ದಳು. ಯಾರೋ ಇದ್ದಾರೆ, ನಿಧಾನ. ಅದರಿಂದ ಮಾತು ತುಂಡಾಗುತ್ತಿರಲಿಲ್ಲ. ಒಂದು ಸಂಜೆ ಅವನು ಆಕೆಯದೇ ಆಟವನ್ನು ಆಕೆಗೆ ಹೂಡಿದ.

"ಎರಡು ಹೇಳ್ತೀನಿ, ಒಂದು ಆರಿಸಿ. ಮಹಡಿ ಮನೆಯಾ, ನೆಲದ ಮನೆಯಾ?"

"ನೆಲದ ಮನೆ."

"ಎರಡು ಮನೆಯಾ, ಒಂದೇ ಮನೆಯಾ?"

ಆಕೆ ಒಂದು ಸುತ್ತು ತಿರುಗಿ ಬಂದಳು. "ನಿಮ್ಮ ಅಕ್ಕನಿಗೆ ಹೇಳಿದೀರಾ?"

"ಅಕ್ಕ ಆ ಮನೆಗೆ ಪರದೇನೇ ಹೊಲಿದಿಟ್ಟಿದಾಳೆ."

ಮದುವೆಯಾದ ಮೇಲೆ ಮನೆಯಲ್ಲಿ ಅವನು ಹೆಂಡತಿಯನ್ನು 'ನೀನು' ಎನ್ನುತ್ತಿದ್ದ. ಕುಣಿಯಲು ಕೈ ಹಿಡಿದರೆ ಮಾತ್ರ ತಾನಾಗಿ 'ನೀವು' ಬಂದುಬಿಡುತ್ತಿತ್ತು. ಎಷ್ಟೋ ಜಗಳಗಳು ಹಾಗೆ ಮುಗಿದವು. ಮೂತಿ ಉಬ್ಬಿಸಿಕೊಂಡು ಕೂತ ದಿನ ಇಬ್ಬರಲ್ಲಿ ಒಬ್ಬರು ರೇಡಿಯೋ ಹಾಕುತ್ತಿದ್ದರು, ಇನ್ನೊಬ್ಬರು ಅಡುಗೆಮನೆಯ ಸ್ಟೂಲನ್ನು ಪಕ್ಕಕ್ಕೆ ಸರಿಸುತ್ತಿದ್ದರು. 'ನೀವು' ಎಂದು ಕರೆದುಕೊಂಡು ಎಷ್ಟು ಹೊತ್ತು ಕಿತ್ತಾಡಲಾದೀತು?

ಕಾಲ ಸರಿಯಿತು. ಮೇಷ್ಟ್ರು ಹೋದರು. ಹಾಸಿಗೆ ಅಂಗಡಿಯವನ ವ್ಯಾಪಾರ ಕುದುರಿ ಮಹಡಿಯನ್ನೂ ಹಾಸಿಗೆಗಳೇ ತುಂಬಿಕೊಂಡವು. ಔಷಧಿ ಅಂಗಡಿಯವರು ಮಗಳ ಊರು ಸೇರಿದರು. ಬಸ್ಸ್ಟ್ಯಾಂಡಿನಲ್ಲಿ ಮೈಕಿನ ಜಾಗಕ್ಕೆ ಯಂತ್ರದ ದನಿ ಬಂತು, ಅಷ್ಟರಲ್ಲಿ ಇವನಿಗೂ ನಿವೃತ್ತಿಯ ವಯಸ್ಸಾಗಿತ್ತು. ಹನಿ ತಪ್ಪಿಸದೆ ಹಾಕಿದರೂ ನೋಟ ಅಂಚುಗಳಿಂದ ಒಳಮುಖವಾಗಿ ಕುಗ್ಗುತ್ತ ಬಂದು, ಈಗ ನಡುವೆ ಬೊಗಸೆಯಷ್ಟು ಬೆಳಕು ಮಾತ್ರ ಉಳಿದಿದೆ. ಆ ಬೊಗಸೆಯೂ ಮಂಜು.

ಆದರೂ ನಿವೃತ್ತ ನೌಕರರ ಕೂಟದಲ್ಲಿ ಹಾಡು ಹಾಕಿದರೆ ಮೊದಲು ಏಳುವವರು ಇವರಿಬ್ಬರೇ. ಕುಣಿತದುದ್ದಕ್ಕೂ ಆಕೆ ಅವನ ಕಿವಿಯಲ್ಲಿ ಇಡೀ ಕೂಟವನ್ನು ಕಟ್ಟಿಕೊಡುತ್ತಾಳೆ: ಯಾರು ಬಂದಿದ್ದಾರೆ, ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದಾರೆ, ಯಾರು ಯಾರ ಜೊತೆ ಮುನಿಸಿಕೊಂಡು ದೂರ ಕೂತಿದ್ದಾರೆ. ಹೋದ ಸಲ ಮನೆಮಂದಿಯನ್ನೂ ಕರೆದಿದ್ದರು, ಭಾವ ಬಂದಿದಾರಾ ಎಂದು ಅವನು ಆಕೆಯನ್ನು ಕೇಳಿದ.

"ಬಂದಿದಾರೆ. ಕಿಟಕಿ ಪಕ್ಕ ಕೂತು ಯಾರದೋ ತಲೆ ತಿನ್ತಿದಾರೆ. ಕೂದಲು ಕಪ್ಪಗೆ, ಗುಂಗುರು ಗುಂಗುರು."

"ಭಾವನಿಗಾ? ಬೋಳಾಗಿ ಹತ್ತು ವರ್ಷ ಆಯ್ತು ಅಂತ ಅಕ್ಕ ಹೇಳ್ತಿದ್ಳು!"

"ಅವರು ಸುಳ್ಳು ಹೇಳ್ತಾರೆ. ನನ್ನನ್ನ ನಂಬ್ತೀರಾ, ಅವರನ್ನ ನಂಬ್ತೀರಾ?"

ಅವನಿಗೆ ಗೊತ್ತಾಯಿತು. ಇಷ್ಟು ವರ್ಷಗಳಲ್ಲಿ ಆಕೆ ಹೇಳಿದ ಲೋಕದಲ್ಲಿ ಯಾರಿಗೂ ವಯಸ್ಸಾಗಿರಲಿಲ್ಲ. ಅಕ್ಕನ ಬೆನ್ನು ಬಾಗಿರಲಿಲ್ಲ, ಕಂಡಕ್ಟರನ ಹಲ್ಲು ಬಿದ್ದಿರಲಿಲ್ಲ. ಅವನು ನಗುತ್ತ ಒಂದು ಸುತ್ತು ತಿರುಗಿದ, ನಿಧಾನವಾಗಿ, ಆಕೆಯ ಮಂಡಿಗೂ ಈಗ ನೋವಿತ್ತು.

"ನೀವು ಹೇಗಿದೀರಿ?" ಎಂದು ಕೇಳಿದ.

"ನಾನಾ? ಸೆರಗಿಗೆ ಸಾರು ಚೆಲ್ಲಿಕೊಂಡಿದೀನಿ. ಉಳಿದಂತೆ ಚೆನ್ನಾಗೇ ಇದೀನಿ."

ಹಾಡು ಮುಗಿಯಿತು. ಬೇರೆ ಜೋಡಿಗಳು ಕುರ್ಚಿಗಳ ಕಡೆ ಸರಿದ ಸದ್ದಾಯಿತು. ಯಾವ ಸೆರಗು, ನೀಲಿಯದಾ ಎಂದು ಅವನು ಕೇಳುತ್ತಿದ್ದ. ನೀಲಿಯಲ್ಲ, ನೀವು ಕೊಡಿಸಿದ್ದು ಎಂದು ಆಕೆ ಹೇಳುತ್ತಿದ್ದಳು. ಅವನು ಕೊಡಿಸಿದ್ದೇ ನೀಲಿಯದು ಎಂದು ಅವನ ವಾದ. ಅಷ್ಟರಲ್ಲಿ ಇನ್ನೊಂದು ಹಾಡು ಶುರುವಾಯಿತು, ಇಬ್ಬರೂ ನಿಂತಲ್ಲಿಂದಲೇ ಹೆಜ್ಜೆ ಹಾಕಿದರು.